ಅಲಾವಾ ತೀರಕ್ಕೆ ಹೊರಟಿರುವ ಕನ್ನಡ ಮನೆಗಳಿಗೆ

ಸಿಯಾಟಲ್, ಬೆಲ್‌ವ್ಯೂ, ರೆಡ್‌ಮಂಡ್, ಬಾತೆಲ್, ಇಸಾಕ್ವಾ ಕಡೆ ಇರುವ ಎಲ್ಲ ಕನ್ನಡ ಮನೆಯವರಿಗೆ ನಮಸ್ಕಾರ.

ಮಳೆ ಬಿಟ್ಟು ನಾಲ್ಕು ದಿನ ಬಿಸಿಲು ಬಂದರೆ ಸಾಕು, ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಟ್ರಿಪ್ಪಿನ ಮಾತು ಶುರುವಾಗುತ್ತದೆ. ಈ ಸಲವೂ ನಮ್ಮ ವಾಷಿಂಗ್ಟನ್ ರಾಜ್ಯದ ಪಶ್ಚಿಮ ಕರಾವಳಿಯ ಓಜೆಟ್ ಟ್ರೇಲ್, ಕೇಪ್ ಅಲಾವಾ ಅಂತ ಪಟ್ಟಿಗಳು ಓಡಾಡುತ್ತಿವೆ. ಟೆಂಟ್ ಯಾರದು, ಚಪಾತಿ ಯಾರ ಮನೆಯದು, ಕರಡಿ ಬಾಯಿಗೆ ಸಿಗದ ಹಾಗೆ ಊಟ ಇಡುವ ಗಟ್ಟಿ ಡಬ್ಬಿ ಎಷ್ಟು ಬೇಕು ಅನ್ನುವುದೆಲ್ಲ ತೀರ್ಮಾನವಾಗಿದೆ. ಹೊರಡುವ ಮುಂಚೆ ದಯವಿಟ್ಟು ಈ ಪತ್ರ ಓದಿ. ಇದನ್ನು ನಾನು ಹೋದ ವರ್ಷವೇ ಬರೆಯಬೇಕಿತ್ತು.

ಹೋದ ಆಗಸ್ಟಿನಲ್ಲಿ ಮೂರು ಮನೆಯವರು ಸೇರಿ ಹೋಗಿದ್ದೆವು. ಓಜೆಟ್ ಸರೋವರದ ಪಕ್ಕ ಕಾರು ನಿಲ್ಲಿಸಿ, ಕಾಡಿನೊಳಗೆ ಹಲಗೆ ಹಾಸಿದ ದಾರಿಯಲ್ಲಿ ಐದು ಕಿಲೋಮೀಟರ್ ನಡೆದು ಕಡಲಿಗೆ ಇಳಿದೆವು. ಮಂಜಿಗೆ ಹಲಗೆಗಳೆಲ್ಲ ಪಾಚಿಗಟ್ಟಿ ಜಾರುತ್ತಿದ್ದವು, ಮಕ್ಕಳು ಒಬ್ಬರ ಬ್ಯಾಗು ಒಬ್ಬರು ಹಿಡಿದುಕೊಂಡು ನಡೆದರು. ದಡದ ಮರದ ದಿಮ್ಮಿಗಳ ಮೇಲೆ ಕೂತು ಪುಳಿಯೋಗರೆ ಮುಗಿಸಿ, ಕಡಲನ್ನು ಬಲಕ್ಕೆ ಬಿಟ್ಟುಕೊಂಡು ದಕ್ಷಿಣಕ್ಕೆ ಹೊರಟೆವು. ಉಬ್ಬರದ ನೀರು ಬಂದು ಮುಟ್ಟುವ ಅಂಚಿನಲ್ಲಿ ವೆಡ್ಡಿಂಗ್ ರಾಕ್ಸ್ ಎಂದು ಕರೆಯುವ ಕಪ್ಪು ಬಂಡೆಗಳಿವೆ. ಅವುಗಳ ಮೇಲೆ ಆ ಕರಾವಳಿಯ ಮೂಲನಿವಾಸಿಗಳಾದ ಮಕಾ ಜನರ ಹಿರಿಯರು ಕೊರೆದ ಚಿತ್ರಗಳಿವೆ. ತಿಮಿಂಗಿಲಗಳು, ದುಂಡು ಕಣ್ಣಿನ ಮುಖಗಳು, ಒಂದು ಕಡೆ ಹಾಯಿ ಹಡಗು. ಹುಡುಕಿದರೆ ಮಾತ್ರ ಕಾಣುತ್ತವೆ. ಗೀರುಗಳ ಅಂಚು ಉಪ್ಪುಗಾಳಿಗೆ ಸವೆದು ಬೆರಳಿಗಷ್ಟೇ ತಿಳಿಯುವ ಹಾಗಾಗಿದೆ.

ಮೋಡ ಕವಿದಿತ್ತು. ಫೋಟೊದಲ್ಲಿ ಗೆರೆ ಸರಿಯಾಗಿ ಮೂಡುತ್ತಿರಲಿಲ್ಲ. ನಮ್ಮ ಜೊತೆ ಬಂದಿದ್ದ ಹಿರಿಯರೊಬ್ಬರು ಕಾಲಡಿಯಿಂದ ಒಂದು ಚೂಪು ಕಲ್ಲು ಎತ್ತಿಕೊಂಡು ತಿಮಿಂಗಿಲದ ಗೆರೆಯ ಮೇಲೆ ಎರಡು ಮೂರು ಸಲ ಎಳೆದರು. ಬೆನ್ನು, ಬಾಲ, ಬಾಯಿ, ಎಲ್ಲ ಬೆಳ್ಳಗೆ ಎದ್ದು ನಿಂತವು. ಫೋಟೊ ಚೆನ್ನಾಗಿ ಬಂತು. ಮಕ್ಕಳೂ ಒಂದೊಂದು ಕಲ್ಲು ಹುಡುಕಿಕೊಂಡು ಬಂದರು. ಎಂಟು ವರ್ಷದ ನನ್ನ ಮಗಳು "ಅಪ್ಪಾ, ಆ ಮುಖ ನಾನು ಬರೀಲಾ?" ಅಂದಳು. ಅವಳ ಕೈಯಿಂದ ಕಲ್ಲು ತೆಗೆದು ಕೆಳಗೆ ಹಾಕಿದೆ. ಆ ಹಿರಿಯರಿಗೆ ಮಾತ್ರ ಏನೂ ಹೇಳಲಿಲ್ಲ. ವಯಸ್ಸಾದವರು, ಊರಿಂದ ಬಂದವರು, ಮೂರು ತಿಂಗಳಿಗೆ ಇದೊಂದೇ ಟ್ರಿಪ್ಪು, ಎಲ್ಲರ ಮುಂದೆ ಹೇಗೆ ಹೇಳುವುದು ಅಂತ ಬಾಯಿ ಮುಚ್ಚಿಕೊಂಡೆ. ಮನೆಗೆ ಬಂದ ಮೇಲೂ ಎಷ್ಟೋ ದಿನ ನನ್ನ ಕಣ್ಣ ಮುಂದೆ ಇದ್ದದ್ದು ಬಂಡೆಯ ಬುಡದಲ್ಲಿ ಬಿದ್ದಿದ್ದ ಆ ಬಿಳಿ ಪುಡಿ. ಅದು ಚಿತ್ರದ ಪುಡಿ. ಮತ್ತೆ ಅಂಟಿಸಲು ಬರುವುದಿಲ್ಲ.

ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ನಾವೆಲ್ಲ ಅದನ್ನು ಕಾಡು ಮತ್ತು ಕಡಲು, ಒಳ್ಳೆಯ ನೋಟ ಎಂದಷ್ಟೇ ಪರಿಚಯ ಮಾಡಿಕೊಡುತ್ತೇವೆ. ನಾವು ಕೂತು ಊಟ ಮಾಡಿದ ಆ ಅಲಾವಾ ತೀರದಲ್ಲಿ ಒಂದು ಊರಿತ್ತು ಎಂದು ನಾನೇ ಅವರಿಗೆ ಹೇಳಿರಲಿಲ್ಲ.

ಊರಿನ ಹೆಸರು ಓಜೆಟ್. ಮಕಾ ಜನರು ವರ್ಷವಿಡೀ ವಾಸವಿದ್ದ ಐದು ದೊಡ್ಡ ಊರುಗಳಲ್ಲಿ ಒಂದು. ಕನಿಷ್ಠ 2,000 ವರ್ಷ ಜನ ಅಲ್ಲಿ ಬಾಳಿದ್ದಾರೆ. ಎದುರಿಗೆ ದ್ವೀಪಗಳು ಅಲೆಗೆ ಅಡ್ಡ ನಿಲ್ಲುತ್ತವೆ, ದೋಣಿ ಎಳೆಯಲು ಅನುಕೂಲ, ತಿಮಿಂಗಿಲಗಳು ಹಾದು ಹೋಗುವ ದಾರಿ ಹತ್ತಿರ. ಊರು ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಆ ಕರಾವಳಿಯಲ್ಲಿ ಸಿಗುವುದು ಕಷ್ಟ. ಆ ಊರಿನ ಹಿಂದೆ ಮಣ್ಣಿನ ಏರು. ಯಾವುದೋ ಒಂದು ರಾತ್ರಿ ಆ ಏರು ಕುಸಿದು ಹಲವು ಮನೆಗಳ ಮೇಲೆ ಕೆಸರು ಬಂದು ಬಿತ್ತು ಎಂದು ಮಕಾ ಅಜ್ಜ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳಿಕೊಂಡು ಬಂದಿದ್ದರು. 1700ರ ಜನವರಿಯ ದೊಡ್ಡ ಭೂಕಂಪಕ್ಕೇ ಕುಸಿಯಿತು ಎಂದು ಕೆಲವು ತಜ್ಞರು ಹೇಳುತ್ತಾರೆ, ಅದಕ್ಕಿಂತ ನೂರು ಇನ್ನೂರು ವರ್ಷ ಹಿಂದೆಯೇ ಎಂದು ಇನ್ನು ಕೆಲವರು. ಹೊರಗಿನವರಿಗೆ ಅದು ಬಹುಕಾಲ ಬರೀ ಕಥೆಯಾಗಿತ್ತು.

ಉಳಿದ ಮನೆಗಳಲ್ಲಿ ಜನ ಆಮೇಲೂ ಇದ್ದರು. ಅವರನ್ನು ಅಲ್ಲಿಂದ ಎಬ್ಬಿಸಿದ್ದು ಶಾಲೆ. ಮಕ್ಕಳನ್ನು ಮಕಾ ಜನರದೇ ಇನ್ನೊಂದು ಊರಾದ ನಿಯಾ ಬೇಯ ಸರ್ಕಾರಿ ಶಾಲೆಗೆ ಕಳಿಸಲೇಬೇಕು ಎಂದಾಗ ತಂದೆ ತಾಯಂದಿರು ಮಕ್ಕಳ ಹಿಂದೆ ಹೋದರು. 20ನೇ ಶತಮಾನದ ಮೊದಲ ಎರಡು ಮೂರು ದಶಕಗಳಲ್ಲಿ ಓಜೆಟ್ ಬರಿದಾಯಿತು. ನಾವು ಇಂದು ಜನವಿಲ್ಲದ ಕಡಲತೀರ ಎಂದು ಖುಷಿಪಡುವುದು ಆ ಬರಿದನ್ನೇ.

1970ರ ಫೆಬ್ರವರಿಯಲ್ಲಿ ಬಿರುಗಾಳಿಯ ಅಲೆಗಳು ದಡವನ್ನು ಕಡಿದು ಹಾಕಿದವು. ಕಡಿದ ಮಣ್ಣಿನೊಳಗಿಂದ ಮನೆಯ ಹಲಗೆಗಳು ಹೊರಗೆ ಚಾಚಿಕೊಂಡವು. ದೋಣಿಯ ಹುಟ್ಟು, ಮರದ ಮೀನುಗಾಳ, ಹೆಣೆದ ಟೋಪಿ, ಪೆಟ್ಟಿಗೆಯ ತುಂಡು ಕಾಣಿಸಿದವು. ನಡೆದು ಬರುವವರು ಕಂಡದ್ದನ್ನು ಕಂಡ ಹಾಗೆ ಎತ್ತಿಕೊಂಡು ಹೋಗುವ ಭಯ ಹುಟ್ಟಿತು. ಅವರೂ ನಮ್ಮ ಹಾಗೆ ಬ್ಯಾಗು ಬೆನ್ನಿಗೆ ಹಾಕಿಕೊಂಡು, ನಾವು ನಡೆದ ಕಾಡಿನಲ್ಲೇ ನಡೆದು ಬಂದವರು. ಸುದ್ದಿ ತಿಳಿದ ಮಕಾ ಬುಡಕಟ್ಟಿನ ಅಧ್ಯಕ್ಷ ಎಡ್ವರ್ಡ್ ಕ್ಲಾಪ್ಲನ್‌ಹೂ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಪುರಾತತ್ವಜ್ಞ ರಿಚರ್ಡ್ ಡಾಹರ್ಟಿಗೆ ಫೋನ್ ಮಾಡಿದರು. ಡಾಹರ್ಟಿ 1947ರಿಂದಲೇ ಆ ಕರಾವಳಿ ಬಲ್ಲವರು, 60ರ ದಶಕದಲ್ಲಿ ಅಲ್ಲಿ ಒಂದಿಷ್ಟು ಅಗೆದೂ ಇದ್ದವರು. ಅಲ್ಲಿಂದ 1981ರವರೆಗೆ, 11 ವರ್ಷ, ಚಳಿ ಮಳೆ ಅನ್ನದೆ ಕೆಲಸ ನಡೆಯಿತು. ವಿದ್ಯಾರ್ಥಿಗಳ ಪಕ್ಕದಲ್ಲಿ ಮಕಾ ಹುಡುಗ ಹುಡುಗಿಯರೇ ಕೆಸರಿನಲ್ಲಿ ನಿಂತಿದ್ದರು.

ಅಗೆದರು ಎಂದೆನಲ್ಲ, ಗುದ್ದಲಿ ಸಲಿಕೆ ಅಂದುಕೊಳ್ಳಬೇಡಿ. ಶತಮಾನಗಳ ಕಾಲ ನೀರು ಕುಡಿದ ಮರ ಬೆಣ್ಣೆಯ ಹಾಗಾಗಿರುತ್ತದೆ, ಲೋಹ ತಾಗಿದರೆ ಗೀರು ಬೀಳುತ್ತದೆ. ಅದಕ್ಕೆ ಅವರು ಕಡಲ ನೀರನ್ನೇ ಪಂಪಿನಲ್ಲಿ ಮೇಲೆತ್ತಿ, ಪೈಪಿನಿಂದ ಬಿಟ್ಟು ಮಣ್ಣು ತೊಳೆದರು. ದಪ್ಪ ಜೇಡಿಗೆ ಜೋರು ನೀರು, ಬುಟ್ಟಿಯ ಎಳೆ ಕಂಡರೆ ತೋಟದ ಗಿಡಕ್ಕೆ ಚಿಮುಕಿಸುವಷ್ಟು ಸಣ್ಣ ನೀರು. ಜೇಡಿಮಣ್ಣು ಗಾಳಿಯಾಡದ ಹಾಗೆ ಮನೆಗಳನ್ನು ಮುಚ್ಚಿಟ್ಟಿದ್ದರಿಂದ ಬೇರೆ ಕಡೆ ಕೊಳೆತು ಹೋಗುವುದೆಲ್ಲ ಅಲ್ಲಿ ಉಳಿದಿತ್ತು. ಆಲ್ಡರ್ ಮರದ ಎಲೆಗಳು ಇನ್ನೂ ಹಸಿರಾಗಿ ಹೊರಗೆ ಬಂದು, ಗಾಳಿ ತಾಗಿದ ಸ್ವಲ್ಪ ಹೊತ್ತಿಗೆ ಕಪ್ಪಾದವಂತೆ. ಹೊರಬಂದ ಮರದ ವಸ್ತುಗಳನ್ನು ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ದ್ರಾವಣದಲ್ಲಿ ತಿಂಗಳುಗಟ್ಟಲೆ ನೆನೆಸಿಟ್ಟರು. ಇಲ್ಲದಿದ್ದರೆ ಒಣಗಿ, ಸುರುಟಿ, ಪುಡಿಯಾಗುತ್ತಿದ್ದವು.

ಮೂರು ಮನೆಗಳು ಪೂರ್ತಿ ಸಿಕ್ಕವು. ಒಂದೊಂದೂ 60 ಅಡಿಯ ಆಸುಪಾಸು ಉದ್ದ, ಸೀಡರ್ ಹಲಗೆಯ ಗೋಡೆ. ಒಂದೇ ಸೂರಿನ ಕೆಳಗೆ ಹಲವು ಒಲೆ, ಹಲವು ಸಂಸಾರ. ನಮ್ಮ ಕಡೆಯ ಕೂಡು ಕುಟುಂಬದ ಮನೆಗಳನ್ನು ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಯಾವ ಮೂಲೆಯಲ್ಲಿ ಏನು ಬಿದ್ದಿದೆ ಎಂಬುದನ್ನು ನೋಡಿಯೇ ಮನೆಯ ಹಿರೀಕ, ತಿಮಿಂಗಿಲ ಬೇಟೆಯವನು, ಯಾವ ಮೂಲೆಯಲ್ಲಿದ್ದ ಎಂದು ಗುರುತಿಸಿದರು. ಮಳೆನೀರು ಹರಿದು ಹೋಗಲು ಮನೆಗಳ ನಡುವೆ ತಿಮಿಂಗಿಲದ ಮೂಳೆಗಳನ್ನೇ ಜೋಡಿಸಿ ಚರಂಡಿ ಮಾಡಿದ್ದರು. ನಾಯಿಯ ಕೂದಲು ಸೇರಿಸಿ ನೇಯ್ದ ಕಂಬಳಿ, ಮಗ್ಗದ ಸಾಮಾನು, ಎಣ್ಣೆಯ ಬಟ್ಟಲು, ಮಕ್ಕಳ ಆಟಿಕೆ, ಕಬ್ಬಿಣದ ಅಲಗಿನ ಉಳಿ. ಯುರೋಪಿನವರ ಹಡಗು ಆ ತೀರಕ್ಕೆ ಬರುವ ಮುಂಚೆಯೇ ಕಬ್ಬಿಣ. ಏಷ್ಯಾ ಕಡೆ ಒಡೆದ ಹಡಗುಗಳ ಮರದಲ್ಲಿ ಸಿಕ್ಕಿಕೊಂಡು, ಸಾಗರದ ಪ್ರವಾಹದಲ್ಲಿ ತೇಲಿ ಬಂದದ್ದಿರಬೇಕು. ಒಟ್ಟು 55,000ಕ್ಕೂ ಹೆಚ್ಚು ವಸ್ತುಗಳು. ಅಜ್ಜಿಯರು ಹೇಳುತ್ತಿದ್ದ ಕಥೆ ಹಲಗೆ ಹಲಗೆಯಾಗಿ ಹೊರಗೆ ಬಂತು.

ಇಷ್ಟು ಹೇಳಿ ನಿಲ್ಲಿಸಿದರೆ ಇದು ಹಳೆಯ ಸಾಮಾನಿನ ವರದಿಯಾಗುತ್ತದೆ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆಮೇಲೆ ನಡೆದದ್ದು. ಆ ಕಾಲದಲ್ಲಿ ಇಂಥ ವಸ್ತುಗಳೆಲ್ಲ ದೂರದ ವಿಶ್ವವಿದ್ಯಾಲಯಕ್ಕೋ ರಾಜಧಾನಿಯ ವಸ್ತುಸಂಗ್ರಹಾಲಯಕ್ಕೋ ಪೆಟ್ಟಿಗೆ ಸೇರಿ ಹೋಗುತ್ತಿದ್ದವು. ನಮ್ಮ ಹಿರಿಯರ ವಸ್ತು ನಮ್ಮ ನೆಲ ಬಿಟ್ಟು ಹೋಗಕೂಡದು ಎಂದು ಮಕಾ ಜನ ಹಟ ಹಿಡಿದರು, ಡಾಹರ್ಟಿ ಅವರ ಜೊತೆ ನಿಂತರು. ವಸ್ತುಗಳನ್ನು ತೊಳೆದು ಉಳಿಸಿದ್ದೂ ನಿಯಾ ಬೇಯಲ್ಲಿ, ಇಟ್ಟಿದ್ದೂ ನಿಯಾ ಬೇಯಲ್ಲಿ. 1979ರಲ್ಲಿ ಅವರದೇ ವಸ್ತುಸಂಗ್ರಹಾಲಯ ತೆರೆಯಿತು. ಮೂಲನಿವಾಸಿಗಳ ಅಸ್ಥಿ ಮತ್ತು ಪವಿತ್ರ ವಸ್ತುಗಳನ್ನು ಅವರಿಗೆ ಹಿಂದಿರುಗಿಸಬೇಕು ಎಂಬ ಅಮೆರಿಕದ ಕಾನೂನು ಬಂದದ್ದು ಅದಾಗಿ 11 ವರ್ಷಕ್ಕೆ, 1990ರಲ್ಲಿ.

ಮಣ್ಣಿನಿಂದ ಬಂದ ಒಂದೊಂದು ವಸ್ತುವನ್ನೂ ಹಿರಿಯರ ಮುಂದೆ ಇಟ್ಟು "ಇದೇನು?" ಎಂದು ಕೇಳಿದರು. ಅವರು ಕೈಯಲ್ಲಿ ಹಿಡಿದು, ತಿರುಗಿಸಿ, ಹೆಸರು ಹೇಳಿದರು. ಎಷ್ಟೋ ವರ್ಷ ನಾಲಿಗೆಗೆ ಬಾರದಿದ್ದ ಮಾತುಗಳು ವಸ್ತುವಿನ ಜೊತೆ ಎದ್ದು ಬಂದವು. ಶಾಲೆಯಲ್ಲಿ ಮಕಾ ಮಾತಾಡಿದರೆ ಶಿಕ್ಷೆ ಕೊಟ್ಟಿದ್ದ ಕಾಲವನ್ನು ದಾಟಿ ಬಂದ ಅಜ್ಜಿಯರು ಅವರು. ಇಂದು ಆ ಸಂಗ್ರಹದ ಉಗ್ರಾಣದಲ್ಲಿ ವಸ್ತುಗಳನ್ನು ಯಾವ ಮನೆಯಲ್ಲಿ ಸಿಕ್ಕಿದವೋ ಆ ಮನೆಯ ಲೆಕ್ಕದಲ್ಲಿ, ಮಕಾ ಭಾಷೆಯ ಹೆಸರಿನಲ್ಲಿ ಜೋಡಿಸಿದ್ದಾರೆ. ಯಾವುದನ್ನು ಗಂಡಸರು ಮುಟ್ಟಬೇಕು, ಯಾವುದನ್ನು ಹೆಂಗಸರು ಎಂಬ ಹಳೆಯ ಕಟ್ಟುಪಾಡನ್ನೂ ಅಲ್ಲಿ ಪಾಲಿಸುತ್ತಾರೆ. ಮಕಾವನ್ನು ತಾಯ್ನುಡಿಯಾಗಿ ಕಲಿತು ಬೆಳೆದ ಕೊನೆಯವರು, ರುತ್ ಕ್ಲಾಪ್ಲನ್‌ಹೂ ಎಂಬ ಅಜ್ಜಿ, 2002ರಲ್ಲಿ ತೀರಿಕೊಂಡರು. ಭಾಷೆ ತೀರಲಿಲ್ಲ. ಶಾಲೆಯಲ್ಲಿ ಮಕ್ಕಳು ಕಲಿಯುತ್ತಿದ್ದಾರೆ. ಪ್ರತಿ ವಾರಾಂತ್ಯ ಮಕ್ಕಳನ್ನು ಕನ್ನಡ ತರಗತಿಗೆ ಎಳೆದುಕೊಂಡು ಹೋಗುವ ನಮಗೆ, ಮನೆಯಲ್ಲಿ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಕ್ಕಳನ್ನು ಸಾಕುತ್ತಿರುವ ನಮಗೆ, ಇದು ಎಷ್ಟು ಕಷ್ಟದ ಕೆಲಸ ಎಂದು ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಬೇಕು.

ಆ ಸಂಗ್ರಹಾಲಯದಲ್ಲಿ ಒಂದು ವಸ್ತುವಿನ ಮುಂದೆ ನಾನು ತುಂಬ ಹೊತ್ತು ನಿಂತಿದ್ದೆ. ತಿಮಿಂಗಿಲದ ಬೆನ್ನಿನ ರೆಕ್ಕೆಯನ್ನು ಸೀಡರ್ ಮರದಲ್ಲಿ ಕೆತ್ತಿದ್ದಾರೆ. ಅದರ ಮೈಗೆ ಕಡಲ ನೀರುನಾಯಿಯ 700ಕ್ಕೂ ಹೆಚ್ಚು ಹಲ್ಲುಗಳನ್ನು ಒಂದೊಂದಾಗಿ ಕೂರಿಸಿದ್ದಾರೆ. ಅಂಚಿನುದ್ದಕ್ಕೂ ಸಾಲು, ಬುಡದ ಕಡೆ ಹಲ್ಲುಗಳಿಂದಲೇ ಮೂಡಿಸಿದ, ಅವರ ಪುರಾಣದ ಗುಡುಗುಹಕ್ಕಿ. ಒಂದು ಹಲ್ಲಿನ ತಲೆ ಕಿರುಬೆರಳ ಉಗುರಿನಷ್ಟು. ಒಂದಕ್ಕೆ ಗುಳಿ ತೋಡಿ, ಅಳತೆ ನೋಡಿ, ಒತ್ತಿ ಕೂರಿಸಿ, ಮತ್ತೆ ಇನ್ನೊಂದಕ್ಕೆ ಗುಳಿ ತೋಡಿದ ಆ ಕೈಯ ತಾಳ್ಮೆಯನ್ನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತ ನಿಂತೆ. ವೆಡ್ಡಿಂಗ್ ರಾಕ್ಸ್ ಮೇಲೆ ತಿಮಿಂಗಿಲ ಕೊರೆದ ಕೈಯೂ ಅದೇ ಜನರದು. ನಾವು ಎರಡು ನಿಮಿಷದಲ್ಲಿ ಗೀಚಿ ಬಂದದ್ದು ಅದರ ಮೇಲೆ. ನಾನು ಸಂಗ್ರಹಾಲಯಕ್ಕೆ ಹೋದದ್ದು ಬಂಡೆ ನೋಡಿ ಬಂದ ಎರಡು ತಿಂಗಳ ಮೇಲೆ. ಮೊದಲೇ ಹೋಗಿದ್ದರೆ ಆ ದಿನ ನನಗೆ ಮಾತು ಬರುತ್ತಿತ್ತು.

ತಿಮಿಂಗಿಲದ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಮಕಾ ಅಂದ ಕೂಡಲೇ ನಮ್ಮಲ್ಲಿ ಕೆಲವರು "ಅಯ್ಯೋ, ತಿಮಿಂಗಿಲ ಕೊಲ್ಲೋರಲ್ವಾ" ಎಂದು ಮುಖ ಸಿಂಡರಿಸುತ್ತಾರೆ. ನಾನೂ ಮಾಂಸ ತಿನ್ನದ ಮನೆಯವನೇ. ಆದರೂ ಪೂರ್ತಿ ಕೇಳಿ. 1855ರ ನಿಯಾ ಬೇ ಒಪ್ಪಂದದಲ್ಲಿ ಮಕಾ ಜನ ತಮ್ಮ ನೆಲದ ಬಹುಪಾಲು ಬಿಟ್ಟುಕೊಟ್ಟರು, ತಿಮಿಂಗಿಲ ಬೇಟೆಯ ಹಕ್ಕನ್ನು ಮಾತ್ರ ಹೆಸರು ಹಿಡಿದು ಬರೆಸಿ ಉಳಿಸಿಕೊಂಡರು. ವ್ಯಾಪಾರದ ಹಡಗುಗಳು ಬೂದು ತಿಮಿಂಗಿಲವನ್ನು ಸಾಲುಸಾಲಾಗಿ ಕೊಂದು ಮುಗಿಸುತ್ತ ಬಂದಾಗ, 1920ರ ದಶಕದಲ್ಲಿ, ಬೇಟೆ ನಿಲ್ಲಿಸಿದವರೂ ಅವರೇ. ತಿಮಿಂಗಿಲಗಳ ಸಂಖ್ಯೆ ಚೇತರಿಸಿ, 1994ರಲ್ಲಿ ಅಳಿವಿನಂಚಿನ ಪಟ್ಟಿಯಿಂದ ಹೊರಬಂದ ಮೇಲೆ, 1999ರಲ್ಲಿ ಒಂದನ್ನು ಹಿಡಿದರು. ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದ ಮೇಲೆ 2024ರಲ್ಲಿ ಸಿಕ್ಕ ಅನುಮತಿ 10 ವರ್ಷಕ್ಕೆ ಹೆಚ್ಚೆಂದರೆ 25. ಓಜೆಟ್ ಮಣ್ಣಿನಲ್ಲಿ ಸಿಕ್ಕ ಈಟಿ ಮತ್ತು ಮೂಳೆಗಳು ಹೇಳುವುದು ಇದು ನಿನ್ನೆ ಮೊನ್ನೆ ಹುಟ್ಟಿದ ಹಟವಲ್ಲ ಎಂದೇ.

ಅಲ್ಲಿಗೆ ಹೋಗುವ ದಾರಿಯಲ್ಲೂ ಒಂದು ಊರಿದೆ. ಹುಡ್ ಕೆನಾಲ್ ಸೇತುವೆ ದಾಟುವಾಗ ಎಲ್ಲರೂ ಕಿಟಕಿ ಇಳಿಸಿ ವಿಡಿಯೊ ತೆಗೆಯುತ್ತೇವೆ. ಆ ತೇಲುವ ಸೇತುವೆಯ ಪೂರ್ವದ ಅರ್ಧವನ್ನು ಬದಲಿಸಬೇಕು ಎಂದು ಅದರ ಭಾಗಗಳನ್ನು ಕಟ್ಟಲು ರಾಜ್ಯದ ಸಾರಿಗೆ ಇಲಾಖೆ 2003ರಲ್ಲಿ ಪೋರ್ಟ್ ಏಂಜಲಿಸ್ ದಡದಲ್ಲಿ ದೊಡ್ಡ ಗುಂಡಿ ತೋಡಲು ಹೊರಟಿತು. ನಾವು ಪೆಟ್ರೋಲು ಹಾಕಿಸಿ ಕಾಫಿಗೆ ನಿಲ್ಲುವ ಅದೇ ಊರು. ಕೆಲಸ ಶುರುವಾದ ಕೆಲವೇ ದಿನಕ್ಕೆ ಮನುಷ್ಯರ ಮೂಳೆ ಸಿಕ್ಕಿತು. ಅದು ಮಕಾ ಜನರ ಹಾಗೆಯೇ ಮೂಲನಿವಾಸಿಗಳಾದ ಕ್ಲಾಲಮ್ ಜನರ ಚ್ವೀಟ್ಸನ್, ಸುಮಾರು 2,700 ವರ್ಷ ಹಳೆಯ ಊರು. 20ನೇ ಶತಮಾನದಲ್ಲಿ ಅದರ ಮೇಲೆ ಮರದ ಕಾರ್ಖಾನೆ ಎದ್ದು, ಊರು ಕಣ್ಣಿಗೆ ಕಾಣದ ಹಾಗಾಗಿತ್ತು. 300ಕ್ಕೂ ಹೆಚ್ಚು ಪೂರ್ಣ ಅಸ್ಥಿಪಂಜರಗಳು ಸಿಕ್ಕವು, ಗೀರುಚಿತ್ರವಿದ್ದ ಸಣ್ಣ ಕಲ್ಲುಗಳು ನೂರಾರು. ಲೋವರ್ ಎಲ್ವಾ ಕ್ಲಾಲಮ್ ಬುಡಕಟ್ಟಿನವರೇ ದಿನಗೂಲಿಯ ಮೇಲೆ ತಮ್ಮ ಮುತ್ತಜ್ಜಂದಿರ ಮೂಳೆಗಳನ್ನು ಮಣ್ಣಿನಿಂದ ಬಿಡಿಸಿ ತೆಗೆಯುವ ಪರಿಸ್ಥಿತಿ ಬಂತು. ಇನ್ನು ಸಾಕು ಎಂದು ಬುಡಕಟ್ಟು ಕೇಳಿತು. 2004ರ ಡಿಸೆಂಬರ್‌ನಲ್ಲಿ, ಕೋಟಿಗಟ್ಟಲೆ ಡಾಲರ್ ಸುರಿದ ಮೇಲೆ, ರಾಜ್ಯ ಆ ಜಾಗವನ್ನು ಬಿಟ್ಟುಕೊಟ್ಟಿತು. ಸೇತುವೆಯ ಭಾಗಗಳನ್ನು ಬೇರೆ ಕಡೆ ಕಟ್ಟಿದರು. 2008ರಲ್ಲಿ ಆ ಹಿರಿಯರ ಮೂಳೆಗಳು ಮತ್ತೆ ಅದೇ ಮಣ್ಣಿಗೆ ಸೇರಿದವು. ಒಂದು ಸರ್ಕಾರ ಅಷ್ಟು ಹಣ ಸುರಿದ ಮೇಲೂ ನಿಲ್ಲಬಹುದಾದರೆ, ಒಂದು ಫೋಟೊಗೋಸ್ಕರ ಕಲ್ಲು ಎತ್ತಿದ ಕೈಯನ್ನು ನಾವು ತಡೆಯಬಹುದು.

ಅದಕ್ಕೇ ಕೇಳುತ್ತಿದ್ದೇನೆ. ಈ ಸಲ ಟ್ರಿಪ್ಪಿನ ಕ್ರಮ ಬದಲಿಸಿ. ಮೊದಲು ನಿಯಾ ಬೇಗೆ ಹೋಗಿ, ಮಕಾ ಸಂಗ್ರಹಾಲಯಕ್ಕೆ ಎರಡು ಗಂಟೆ ಕೊಡಿ. ಅಲ್ಲಿ ನಿಜವಾದ ಅಳತೆಯಲ್ಲಿ ಕಟ್ಟಿದ ಉದ್ದಮನೆ ಇದೆ, ಮಕ್ಕಳನ್ನು ಒಳಗೆ ಕರೆದುಕೊಂಡು ಹೋಗಿ. ಅಲ್ಲೇ ಹತ್ತಿರದ ಕಡಲ ತುದಿ ಕೇಪ್ ಫ್ಲ್ಯಾಟರಿ ನೋಡಲು ಮಕಾ ಜನರೇ ಕೊಡುವ ಪರವಾನಗಿ ಬೇಕು, ಊರಿನ ಅಂಗಡಿಗಳಲ್ಲಿ ಸಿಗುತ್ತದೆ. ಯಾರೂ ಕೇಳುವುದಿಲ್ಲ ಬಿಡಿ ಅಂತ ಅದನ್ನು ತಪ್ಪಿಸಬೇಡಿ. ಅಲಾವಾದಲ್ಲಿ ಅಗೆದ ಜಾಗವನ್ನು ಮತ್ತೆ ಮಣ್ಣು ಮುಚ್ಚಿದ್ದಾರೆ, ಒಂದು ಸಣ್ಣ ನೆನಪಿನ ಮನೆ ಮಾತ್ರ ಇದೆ. ಅದರೊಳಗೆ ಜನ ಇಟ್ಟು ಹೋದ ವಸ್ತುಗಳನ್ನು ಮುಟ್ಟಬೇಡಿ. ದಡದಲ್ಲಿ ಕೆತ್ತಿದ ಮರವೋ ಮೂಳೆಯೋ ಕಂಡರೆ ಇದ್ದಲ್ಲೇ ಬಿಟ್ಟು, ಜಾಗದ ಗುರುತು ಇಟ್ಟುಕೊಂಡು, ಪಾರ್ಕಿನ ರೇಂಜರ್‌ಗೆ ತಿಳಿಸಿ. ಎತ್ತಿಕೊಂಡು ಬಂದರೆ ಅದು ಅಪರಾಧ. ಬಂಡೆಚಿತ್ರಗಳ ಮೇಲೆ ಸೀಮೆಸುಣ್ಣ, ನೀರು, ಕಲ್ಲು, ಬೆರಳು, ಯಾವುದೂ ಬೇಡ. ಬೆಳಕು ಸರಿಯಿಲ್ಲದಿದ್ದರೆ ಫೋಟೊ ಬರುವುದಿಲ್ಲ, ಅಷ್ಟೇ. ಸಂಜೆಯ ಓರೆ ಬಿಸಿಲಿಗೆ ಗೆರೆಗಳು ತಾವೇ ಕಾಣುತ್ತವೆ, ಕಾಯಿರಿ.

ಕನ್ನಡ ಕಲಿಸುವ ಮೇಷ್ಟ್ರು ಮೇಡಂಗಳಿಗೂ ಒಂದು ಮಾತು. ನಮ್ಮ ಕಾರ್ಯಕ್ರಮಗಳ ಆರಂಭದಲ್ಲಿ ಇದು ಮೂಲನಿವಾಸಿಗಳ ನೆಲ ಎಂದು ಒಂದು ಸಾಲು ಓದಿ ಮುಂದೆ ಹೋಗುತ್ತೇವೆ. ಒಂದು ದಿನ ತರಗತಿಯಲ್ಲಿ ಓಜೆಟ್ ಕಥೆಯನ್ನು ಕನ್ನಡದಲ್ಲೇ ಹೇಳಿ. ಮಕಾ ಎನ್ನುವುದು ಅಕ್ಕಪಕ್ಕದವರು ಇಟ್ಟ ಹೆಸರು, ಬಂದವರಿಗೆ ಧಾರಾಳವಾಗಿ ಉಣಬಡಿಸುವವರು ಎಂದು ಅದರ ಅರ್ಥ. ತಮ್ಮನ್ನು ತಾವು ಅವರು ಕರೆದುಕೊಳ್ಳುವುದು ಬಂಡೆಗಳ ಮತ್ತು ಸೀಗಲ್‌ಗಳ ಬಳಿ ಬಾಳುವವರು ಎಂದು. ಮಕ್ಕಳಿಗೆ ಇದು ಹಿಡಿಸುತ್ತದೆ, ನನ್ನ ಮಗಳಿಗೆ ಹಿಡಿಸಿದೆ.

ಹೋದ ವರ್ಷ ಜೊತೆಗಿದ್ದ ಆ ಹಿರಿಯರಿಗೆ ಹೋದ ವಾರ ಫೋನ್ ಮಾಡಿ ಇದೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತೇ ಯಾಕೆ ಹೇಳಲಿಲ್ಲಪ್ಪಾ?" ಎಂದರು. ಆ ಫೋಟೊವನ್ನು ಅವರು ಅಳಿಸಿಲ್ಲ, ಯಾರಿಗೂ ಕಳಿಸುವುದಿಲ್ಲ ಎಂದಿದ್ದಾರೆ.

ನಾವು ಜುಲೈ ಮೊದಲ ವಾರ ಹೋಗುತ್ತಿದ್ದೇವೆ. ಮೊದಲ ದಿನ ನಿಯಾ ಬೇ, ಎರಡನೇ ದಿನ ಅಲಾವಾ. ಕಾರಿನಲ್ಲಿ ಎರಡು ಸೀಟು ಖಾಲಿ ಇವೆ.

ಇತಿ,
ರೆಡ್‌ಮಂಡ್‌ನಿಂದ ನಿಮ್ಮವನೊಬ್ಬ